ಎಡಕ್ಕೆ ಬಿದ್ದ ಹೂವು

ದೇವರು ಹೂವಿನಲ್ಲಿ ಮಾತಾಡುತ್ತಾನೆ ಎಂಬುದನ್ನು ನಾನು ನಿಜವಾಗಿ ನಂಬಿರಲಿಲ್ಲ. ಹೂವಿನ ಪ್ರಸಾದ ಕೇಳುತ್ತಲೇ ಮುದುಕಿಯಾದವಳು ಹೀಗೆ ಬರೆಯುತ್ತಿದ್ದೇನೆ, ನೋಡಿ. ಬೇಕಾದ ಕಡೆ ಬಿದ್ದರೆ ದೇವರ ಮಾತು, ಬೇಡದ ಕಡೆ ಬಿದ್ದರೆ ಗಾಳಿ. ನನ್ನ ನಂಬಿಕೆ ಅಷ್ಟೇ ಇತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಆರು ವರ್ಷ ಯಾರಿಗೂ ಹೇಳದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆಗ ಮಗಳು ಗಿರಿಜಾ ಚೊಚ್ಚಲ ಬಸುರಿ. ಅಳಿಯ ಬ್ಯಾಂಕಿನವರು, ವಿಜಯವಾಡದ ಒನ್ ಟೌನಿನಲ್ಲಿ ಮನೆ. ಅಲ್ಲಿಂದ ನಮ್ಮ ಗದಗಕ್ಕೆ ನೇರ ರೈಲು. ಏಳು ತುಂಬಿದ ಕೂಡಲೇ ಕರೆದುಕೊಂಡು ಬರುವುದೆಂದು ತೊಟ್ಟಿಲು ತೊಳೆದಿಟ್ಟು, ಓಣಿಗೆಲ್ಲ ಸಾರಿಬಿಟ್ಟಿದ್ದೆ. ಅಷ್ಟರಲ್ಲಿ ಅಳಿಯನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಸಾಮಾನು ಸಾಗಿಸುವುದರಲ್ಲೇ ಎಂಟು ತುಂಬಿತು. ನಾನು ಅಲ್ಲಿಗೇ ಹೋದೆ.

“ಇಲ್ಲೇ ಇರೋಣವ್ವಾ, ದವಾಖಾನಿ ಸಮೀಪ ಐತಿ,” ಎಂದಳು ಗಿರಿಜಾ.

“ಚೊಚ್ಚಲ ಬಾಣಂತನ ಪರ ಊರಾಗ ಮಾಡಿದ್ರ ಓಣ್ಯಾಗ ಹ್ಯಾಂಗ ಮುಖ ತೋರಸ್ಲಿ?” ಎಂದೆ.

ಕಡೆಗೆ ದೇವರನ್ನೇ ಕೇಳುವುದೆಂದಾಯಿತು. “ದೇವರು ಹ್ಞೂಂ ಅಂದ್ರ ಟಿಕೀಟೂ ಅವನ ತಗಸ್ತಾನೇನ್ರಿ ಅತ್ತಿ?” ಎಂದು ಅಳಿಯ ನಕ್ಕರು.

ಮರುದಿನ ಬೆಳಿಗ್ಗೆ, ಜೊತೆಗೆ ತಂದಿದ್ದ ಮನೆದೇವರ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಕಣಗಿಲೆ ಹೂ ಅಂಟಿಸಿ ಕುಳಿತೆ. ಬಲಗಡೆಯದು ಬಿದ್ದರೆ ಹೋಗು, ಎಡಗಡೆಯದು ಬಿದ್ದರೆ ಬೇಡ. ಎಡಗಡೆಯದು ಬಿತ್ತು. ಅತ್ತಿತ್ತ ನೋಡಿದೆ, ಯಾರೂ ಇರಲಿಲ್ಲ. ಅದನ್ನು ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡು, ಅದರ ಜಾಗಕ್ಕೆ ಬೇರೊಂದು ಅಂಟಿಸಿ, ಬಲಗಡೆಯದನ್ನು ಬೆರಳಿನಿಂದ ಕೆಡವಿದೆ. “ಬರ್ರಿ, ಬಲಕ್ಕ ಬಿತ್ತು!” ಎಂದು ಕೂಗಿದೆ. ಆಮೇಲೆ ಮುಚ್ಚಿಟ್ಟಿದ್ದನ್ನು ಕಿಟಕಿಯಿಂದಾಚೆ ಎಸೆದೆ. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಎರಡು ದಿನ ಬಿಟ್ಟು ಮೂವರೂ ಹಗಲಿನ ರೈಲು ಹತ್ತಿದೆವು. ವಿಜಯವಾಡದಲ್ಲಿ ಬದಲಿಸುವುದಿತ್ತು. ಎದುರು ಸೀಟಿನಲ್ಲಿ ಗುರುತಿಲ್ಲದ ಒಬ್ಬ ಮುದುಕಿ. ಊರ ಅಂಚಿನ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಅಳಿಯ ನೀರು ತರಲು ಇಳಿದರು. ಮುದುಕಿ ನನ್ನತ್ತ ಬಗ್ಗಿ, ನಮ್ಮ ಗದಗಿನ ಕನ್ನಡದಲ್ಲೇ, “ಎಡಕ್ಕ ಬಿದ್ದ ಹೂವ ಎಲ್ಲಿ ಒಗದಿ ತಂಗೀ?” ಎಂದಳು.

ಮಗಳ ಕೈ ಹಿಡಿದು ಇಳಿದೇಬಿಟ್ಟೆ. ಅಳಿಯ ಓಡಿಬಂದು ಚೀಲಗಳನ್ನು ಇಳಿಸುತ್ತ, “ಏನಾತ್ರಿ ಅತ್ತಿ? ದೇವರು ಮಾತು ಬದಲಿಸಿದನೇನು?” ಎಂದು ಸಿಟ್ಟಾದರು. ರೈಲು ಹೋಯಿತು.

ಆಟೋದಲ್ಲಿ ಮರಳುವಾಗ ಗಿರಿಜಾಗೆ ರಕ್ತ ಹೋಗತೊಡಗಿತು. ನೇರ ಆಸ್ಪತ್ರೆಗೆ ಓಡಿಸಿದೆವು. ಹೆರಿಗೆಗೆ ಮೊದಲೇ ಮಾಸು ಗರ್ಭಕೋಶದಿಂದ ಬಿಟ್ಟುಕೊಂಡಿತ್ತಂತೆ. ರೈಲಿನಲ್ಲಿದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಮಧ್ಯಾಹ್ನ ಹೊಟ್ಟೆ ಕೊಯ್ದು ತೆಗೆದ ಮೊಮ್ಮಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದರು. ಆ ಸಂತೋಷ ಬರೆಯುವಷ್ಟು ಅಕ್ಷರ ನನಗೆ ಬಾರದು!

ಅಂದಿನಿಂದ ಅಳಿಯ ಮನೆಗೆ ಬಂದವರಿಗೆಲ್ಲ, “ನಮ್ಮ ಅತ್ತಿಯವರ ಜೋಡಿ ದೇವರು ಮಾತಾಡತಾನ್ರಿ,” ಎನ್ನುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನೂ ದೊಡ್ಡ ಗುಣ ಎನ್ನುತ್ತಾರೆ.

ಮುದುಕಿಯ ವಿಷಯವನ್ನು ಒಮ್ಮೆ ಮಗಳ ಬಳಿ ತೆಗೆದೆ. “ಆಕಿ ಕಿಟಕಿಗೆ ತಲಿ ಹಚ್ಚಿ ಮಲಗಿದ್ಲಲ್ಲವ್ವಾ, ಬಾಯೇ ತೆರೀಲಿಲ್ಲ,” ಎಂದಳು. ಹಾಗಾದರೆ ನನ್ನನ್ನು ಕೇಳಿದವರು ಯಾರು? ಇಂದಿಗೂ ಗೊತ್ತಿಲ್ಲ.

ಮೊನ್ನೆ ವಿಶಾಖಪಟ್ಟಣದ ಮಧುರವಾಡದಲ್ಲಿರುವ ಮಗಳ ಹೊಸ ಮನೆಯಲ್ಲಿ ಮೊಮ್ಮಗಳು ಗಂಟುಬಿದ್ದಳು. ಮುಂದಿನ ಹಲ್ಲು ಎರಡೂ ಬಿದ್ದಿವೆ. ಶಾಲೆಯ ಡ್ಯಾನ್ಸಿನ ಹೊತ್ತಿಗೆ ಹೊಸವು ಬರುತ್ತವೋ ಇಲ್ಲವೋ, ದೇವರನ್ನು ಕೇಳಬೇಕಂತೆ. ನನಗೆ ಕೈ ಬರಲಿಲ್ಲ. ಹೂವನ್ನು ಅವಳಿಗೇ ಕೊಟ್ಟೆ. ಅಂಟಿಸಿ, ಗಲ್ಲಕ್ಕೆ ಕೈ ಕೊಟ್ಟು ಕುಳಿತಳು.

“ಅಮ್ಮಮ್ಮಾ, ಎಡಕ್ಕ ಬಿತ್ತು! ಹಲ್ಲು ಬರಾಂಗಿಲ್ಲಂತ!” ಎಂದು ಇಡೀ ಮನೆಗೆ ಕೇಳುವಂತೆ ಕೂಗಿದಳು.