ಹೊಸ್ತಿಲಲ್ಲಿ ನಿಂತ ಕಳ್ಳ

ಆಗ ನಾನು ಸಿಂದಗಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಕಂಪ್ಯೂಟರ್ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ, ಮೋರಟಗಿಯ ರೇಷ್ಮಾ ರಜೆಗೆ ಬಂದಾಗ, ಪುಣೆಯ ವಿಡಿಯೋ ಗೇಮ್ ಕಂಪನಿಯೊಂದರ ಇಂಟರ್ನ್‌ಶಿಪ್‌ಗೆಂದು ತಾನು ಮಾಡಿದ್ದ ಆಟ ತೋರಿಸಿದಳು. ಕಳ್ಳ ಮನೆಗೆ ನುಗ್ಗುತ್ತಾನೆ, ಮನೆಯವರು ಅವನನ್ನು ಹೊಡೆದು ಓಡಿಸಬೇಕು. ಆದರೆ ಅದಕ್ಕೂ ಮೊದಲು ಮುದುಕಿಯೊಬ್ಬಳು ಬಾಗಿಲಿಗೇ ಬಂದು ಅವನಿಗೆ ತಂಬಿಗೆ ನೀರು, ಚೂರು ಬೆಲ್ಲ ಕೊಡುತ್ತಿದ್ದಳು.

"ಕಳ್ಳಗ ಯಾರರೆ ನೀರು ಕೊಡ್ತಾರೇನವಾ? ತಗಿ ಆ ಮುದುಕಿನ್ನ" ಎಂದು ರೇಗಿದೆ.

"ಮನಿಗೆ ಬಂದಾನಲ್ರಿ ಸರ" ಎಂದಳು. ಆದರೂ ನನ್ನ ಮಾತಿಗೆ ಮುದುಕಿಯನ್ನು ಅಳಿಸಿದಳು.

ಇಂಟರ್‌ವ್ಯೂ ಮುಗಿಸಿ ಬಂದಿದ್ದಾಳೆಂದು ತಿಳಿದು ಅವಳ ಮನೆಗೆ ಹೋದೆ. ಹೊಸ್ತಿಲಲ್ಲೇ ನಿಂತು, "ಏನಾತವಾ?" ಎಂದೆ.

"ಮೊದಲ ನೀರು ಕುಡೀರಿ ಸರ."

ಕುಡಿದೆ.

"'ನಿನ್ನ ಕಳ್ಳ ಬಾಗಲದಾಗ ಸುಮ್ನ ಯಾಕ ನಿಂತಾನ' ಅಂತ ಕಂಪನಿಯವರು ಕೇಳಿದ್ರು. ಮುದುಕಿನ್ನ ತಗದಿದ್ದೆ, ಆಂವ ಕಾಯೋದನ್ನ ತಗಿಯೋದು ಮರ್ತಿದ್ದೆ ನೋಡ್ರಿ. ನೀರಿಗೆ ಕಾಯಾಕತ್ತಾನ್ರಿ ಅಂದೆ. ಅವರು ನಕ್ಕು, ಮುದುಕಿನ್ನ ತಿರುಗಿ ಹಾಕು ಅಂದ್ರು. ತಗೊಂಡಾರ್ರಿ ನನ್ನ."

"ಮುದುಕಿನ್ನ ತಗಿ ಅಂದಾಂವ ಯಾಂವ ಅಂತ ಕೇಳಿದ್ರೇನು?"

"ಬೆಲ್ಲ ತಗೊಳ್ರಿ ಸರ" ಎಂದು ತಾಟು ಮುಂದೆ ಸರಿಸಿದಳು.