ಚಿಕ್ಕಿ ಎತ್ತಿಕೊಂಡ ಸಾಲು

ಸತ್ತವರು ಬಂದು ಮಾತಾಡಿದರು ಎಂಬ ಕಥೆ ಕೇಳಿದಾಗಲೆಲ್ಲ ನಕ್ಕವನು ನಾನು. ನಗುವುದಷ್ಟೇ ಅಲ್ಲ, ಹೇಳಿದವರನ್ನು ಕೂರಿಸಿಕೊಂಡು ಗಂಟೆ ಎಷ್ಟಾಗಿತ್ತು, ಗಾಳಿ ಯಾವ ಕಡೆಯಿಂದಿತ್ತು, ರಾತ್ರಿ ಊಟಕ್ಕೆ ಏನಿತ್ತು ಎಂದು ತನಿಖೆ ಮಾಡಿ ಅವರ ಮುಖ ಸಪ್ಪೆ ಮಾಡುತ್ತಿದ್ದೆ. ಕದ್ರಾದ ವಿದ್ಯುದಾಗಾರದಲ್ಲಿ ಇಪ್ಪತ್ತು ವರ್ಷಗಳಿಂದ ಪಾಳಿ ಕೆಲಸ ನನ್ನದು. ಅಲ್ಲಿ ಒಂದು ದೀಪ ಸುಮ್ಮನೆ ಮಿನುಗಿದರೂ ಪುಸ್ತಕದಲ್ಲಿ ಬರೆದು ಕಾರಣ ಹುಡುಕಬೇಕು. ಹುಡುಕಿದರೆ ಸಿಗುತ್ತದೆ ಕೂಡ. ಈಗ ನನ್ನದೇ ಕಥೆ ಹೇಳಲು ಕೂತಿದ್ದೇನೆ. ನಗುವವರು ನಗಬಹುದು, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಮನೆ ಕಾರವಾರದಲ್ಲಿ. ಆಯಿ, ಅಂದರೆ ನನ್ನ ತಾಯಿ, ಅಂಕೋಲೆ ಕಡೆಯ ಮೀನುಗಾರರ ಮನೆಯಿಂದ ಬಂದವಳು. ಅವಳ ತಂಗಿ ನಾಗು ಚಿಕ್ಕಿಯನ್ನು ಹಟ್ಟಿಕೇರಿಗೆ ಕೊಟ್ಟಿದ್ದರು. ಅಕ್ಕತಂಗಿ ಇಬ್ಬರೂ ಮದುವೆ ಮನೆಗಳಲ್ಲಿ ಜೋಡಿಯಾಗಿ ಹಾಡುವವರು. ಒಬ್ಬಳು ಸಾಲಿನ ಕೊನೆಯ ಅಕ್ಷರವನ್ನು ಎಳೆಯುತ್ತಿರುವಾಗಲೇ ಇನ್ನೊಬ್ಬಳು ಮುಂದಿನ ಸಾಲನ್ನು ಎತ್ತಿಕೊಳ್ಳಬೇಕು. ನಡುವೆ ಒಂದು ಉಸಿರಿನಷ್ಟೂ ಖಾಲಿ ಬಿಡಬಾರದು. ಹಾಡು ಕಡಿದರೆ ಮದುಮಗಳಿಗೆ ಒಳ್ಳೆಯದಲ್ಲ ಎಂದು ಅವರ ನಂಬಿಕೆ.

ನನ್ನ ತಂಗಿಯ ಮದುವೆಯಲ್ಲಿ ಹಾಡು ಕಡಿಯಿತು. ಮದುಮಗಳನ್ನು ಹಸೆಗೆ ಕರೆಯುವ ಹಾಡು ಅದು. ಆಯಿ "ಹಸೆಗೆ ಬಾರೆ ನನ್ನ ತಂಗೀ" ಎಂದು ಎಳೆದಳು. ಚಿಕ್ಕಿ ಎತ್ತಿಕೊಳ್ಳಲಿಲ್ಲ, ನೆಲ ನೋಡುತ್ತ ಕೂತುಬಿಟ್ಟಳು. ಗಂಟಲು ಕಟ್ಟಿತು ಎಂದು ಆಮೇಲೆ ಯಾರಿಗೋ ಹೇಳಿದಳಂತೆ. ಅವಳ ಮಗಳಿಗೆ ಗೊತ್ತುಮಾಡಿದ್ದ ಸಂಬಂಧ ಆಗಷ್ಟೇ ಮುರಿದುಬಿದ್ದಿತ್ತು. ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಚಿಕೊಂಡಳು ಎಂದು ಆಯಿ ತೀರ್ಮಾನ ಮಾಡಿದಳು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ಕೆಲವು ವರ್ಷಗಳ ಮೇಲೆ ಚಿಕ್ಕಿ ಒಮ್ಮೆ ಬಸ್ಸು ಹತ್ತಿ ನಮ್ಮ ಮನೆ ಬಾಗಿಲ ತನಕ ಬಂದಿದ್ದಳು. ಆಯಿ ಚಿಲಕ ತೆಗೆಯಲಿಲ್ಲ. ನಾನು ಪಾಳಿ ಮುಗಿಸಿ ಬಂದಾಗ ಮೆಟ್ಟಿಲ ಮೇಲೆ ಕಾಗದದಲ್ಲಿ ಸುತ್ತಿದ ಒಣ ಸಿಗಡಿ ಇತ್ತು, ಚಿಕ್ಕಿ ಇರಲಿಲ್ಲ. ಮರುವರ್ಷ ಅವಳು ತೀರಿಕೊಂಡಳು. ಆಯಿ ಹಟ್ಟಿಕೇರಿಗೆ ಹೋಗಲಿಲ್ಲ.

ಚಿಕ್ಕಿಯ ಮಗಳು ತಾಯಿಯ ನೆನಪಿಗೆಂದು ಫೋನಿನಲ್ಲಿ ಮಾಡಿಟ್ಟುಕೊಂಡಿದ್ದ ಒಂದೇ ಒಂದು ರೆಕಾರ್ಡಿಂಗನ್ನು ನನಗೂ ಕಳಿಸಿದಳು. ಮೊದಲು ಕೋಳಿ ಕೂಗು, ಆಮೇಲೆ ಎರಡು ಸಲ ಚಿಕ್ಕಿಯ ಕೆಮ್ಮು, ಆಮೇಲೆ ಒಂದು ಜೋಗುಳ. ಆಯಿ ಕೇಳಲು ಒಪ್ಪಲಿಲ್ಲ. ಆದರೆ ಒಂದು ದಿನ ತಾನಾಗಿಯೇ ಬಂದು, ಹಸೆಗೆ ಕರೆಯುವ ಹಾಡನ್ನು ಹೇಳುತ್ತೇನೆ, ಹಿಡಿದಿಟ್ಟುಕೋ ಎಂದಳು. ಗಣಪತಿಯ ನುಡಿ ಹೇಳಿ, "ಹಸೆಗೆ ಬಾರೆ ನನ್ನ ತಂಗೀ" ಎಂದು ಎಳೆದು ನಿಲ್ಲಿಸಿದಳು. "ಮುಂದೆ?" ಎಂದೆ.

"ಮುಂದಿಂದು ನಾ ಹೇಳೂದಲ್ಲ ತಮಾ. ಅದು ನಾಗುಂದು. ಅವ್ಳು ಹೇಳಿದ್ ಮೇಲೆ ಮೂರನೇದು ನಂದು."

ಹೀಗೆ ಇಬ್ಬರ ದನಿಯೂ ನನ್ನ ಫೋನಿನಲ್ಲಿ ಒಂದರ ಕೆಳಗೊಂದು ಬಂದು ಕೂತವು. ಹಾಡು ಕೇಳುವ ಆ್ಯಪಿನಲ್ಲಿ ಕ್ರಾಸ್‌ಫೇಡ್ ಎಂಬ ಸವಲತ್ತು ಇರುವುದು ನಿಮಗೂ ಗೊತ್ತಿರಬಹುದು. ಒಂದು ಹಾಡು ಇಳಿಯುತ್ತಿರುವಾಗಲೇ ಇನ್ನೊಂದು ಏರುತ್ತ ಬರುತ್ತದೆ. ಕದ್ರಾ ಬಸ್ಸಿನಲ್ಲಿ ಹಾಡು ಹಾಡಿನ ನಡುವಿನ ಖಾಲಿ ನನಗೆ ಆಗದು ಎಂದು ಐದು ಸೆಕೆಂಡಿಗೆ ಇಟ್ಟು ಮರೆತಿದ್ದೆ.

ಮಳೆಗಾಲದ ಕೊನೆಯಲ್ಲಿ ಆಯಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಬಾಯಿ ಸೊಟ್ಟಗಾಯಿತು. "ಮತ್ತೆ" ಎಂಬ ಒಂದು ಮಾತು ಮಾತ್ರ ಉಳಿಯಿತು. ಹಸಿವಾದರೂ ಅದೇ, ನೋವಾದರೂ ಅದೇ. ರಜೆಯಿದ್ದ ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಅವಳದೇ ದನಿ ಕೇಳಿಸಿದರೆ ಖುಷಿಯಾದೀತು ಎಂದು ಹಾಸಿಗೆಯ ಪಕ್ಕ ಫೋನಿಟ್ಟು ಅವಳ ಹಾಡು ಹಾಕಿದೆ.

"ತಂಗೀ" ಎಂಬ ಎಳೆತ ಸಣ್ಣಗಾಗುತ್ತ ಬಂತು. ಮುಂದೆ ಚಿಕ್ಕಿಯದು ಶುರುವಾಗುತ್ತದೆಂದು ಆಗ ನೆನಪಾಗಿ ನಿಲ್ಲಿಸಲು ಕೈ ಚಾಚಿದೆ. ಕೋಳಿ ಕೂಗಲಿಲ್ಲ, ಕೆಮ್ಮೂ ಇಲ್ಲ. ಆಯಿಯ ದನಿ ಇನ್ನೂ ಇಳಿಯುತ್ತಿರುವಾಗಲೇ ಚಿಕ್ಕಿ ಎತ್ತಿಕೊಂಡಳು. "ಬಂದೆನೆ ಅಕ್ಕಾ, ಬಾಗಿಲ ತೆರೆಯೇ." ಕೊನೆಯ ಅಕ್ಷರವನ್ನು ಎಳೆದಳು, ಎಳೆಯುತ್ತಲೇ ಇದ್ದಳು. ಐದು ಸೆಕೆಂಡಿಗಿಂತ ಬಹಳ ಹೆಚ್ಚು.

ಆಯಿಯ ಕತ್ತಿನ ನರ ಉಬ್ಬಿತು. ಬಾಯಿಯ ಎಡಭಾಗ ತೆರೆಯಿತು. ಮೂರನೆಯ ಸಾಲು ಅವಳದು. ಎಡಗೈಯಿಂದ ಹಾಸಿಗೆ ಬಡಿದಳು, ದನಿ ಹೊರಡಲಿಲ್ಲ. ಚಿಕ್ಕಿಯ ಎಳೆತ ಮೆಲ್ಲಗೆ ಕರಗಿತು. ಆಮೇಲೆ ಕೋಳಿ ಕೂಗಿತು, ಕೆಮ್ಮು ಕೇಳಿತು, ಜೋಗುಳ ಶುರುವಾಯಿತು.

ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಸೀರೆಗೆ ಕೈ ಒರೆಸಿಕೊಳ್ಳುತ್ತ ನಮ್ಮನ್ನು ದಾಟಿ ಹೋಗಿ ಮುಂಬಾಗಿಲ ಚಿಲಕ ತೆಗೆದಳು. ಹೊರಗೆ ಯಾರೂ ಇರಲಿಲ್ಲ.

"ಯಾರೋ ಬಾಗ್ಲು ತೆಗಿ ಅಂದ ಹಾಂಗೆ ಆಯ್ತಲ್ಲ" ಎಂದಳು.

"ಮತ್ತೆ" ಎಂದಳು ಆಯಿ. ಆ ಒಂದು ಸಲ ಆ ಮಾತಿಗೆ ಅದರದೇ ಅರ್ಥವಿತ್ತು.

ಮತ್ತೆ ಹಾಕಿದೆ. ಆಯಿಯ ಎಳೆತದ ಮೇಲೆ ಕೋಳಿ ಕೂಗಿತು, ಅಷ್ಟೇ. ಐದನ್ನು ಆರು ಮಾಡಿದೆ, ಒಂದರಿಂದ ಹನ್ನೆರಡರ ತನಕ ಎಲ್ಲ ಇಟ್ಟು ನೋಡಿದೆ, ಹಿಂದುಮುಂದು ಮಾಡಿದೆ, ಹೆಂಡತಿಯ ಫೋನಿನಲ್ಲೂ ಹಾಕಿದೆ. ಪ್ರತಿಯೊಂದನ್ನೂ ವಿದ್ಯುದಾಗಾರದ ಅಭ್ಯಾಸದಂತೆ ಬರೆದಿಟ್ಟುಕೊಂಡೆ. ಚಿಕ್ಕಿಯ ಮಗಳಿಗೆ ಫೋನ್ ಮಾಡಿ, ಬೇರೆ ರೆಕಾರ್ಡಿಂಗ್ ಏನಾದರೂ ಸೇರಿಕೊಂಡಿದೆಯೇ ಎಂದು ಕೇಳಿದೆ. "ಆ ಮದ್ವಿ ಮೇಲೆ ನಮ್ಮ ಆಯಿ ಆ ಹಾಡು ಬಾಯಿಗೇ ತಂದದ್ದಿಲ್ಲ ಅಣ್ಣಾ" ಎಂದಳು. ನನ್ನ ಭ್ರಮೆ ಎನ್ನೋಣವೆಂದರೆ ಆ ಸಾಲು ನನಗೆ ಮೊದಲು ಗೊತ್ತೇ ಇರಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರ ಹಾಡಿಗೆ ನಾನೆಲ್ಲಿ ಕಿವಿ ಕೊಟ್ಟಿದ್ದೆ?

ಮರುದಿನದಿಂದ ಆಯಿ ಮೂರು ಗಂಟೆಗೆ ಕಾಯತೊಡಗಿದಳು. ನನ್ನ ಪಾಳಿಯಿದ್ದರೆ ಹೆಂಡತಿ ಹಾಕುತ್ತಿದ್ದಳು. ಹಾಡು ಶುರುವಾಗುವ ಮೊದಲೇ ಆಯಿ ಉಸಿರು ಎಳೆದುಕೊಂಡು ತಯಾರಾಗುತ್ತಿದ್ದಳು. ಬರಬರುತ್ತ ಗಂಟಲಿನಿಂದ ಸ್ವಲ್ಪ ದನಿಯೂ ಹೊರಡತೊಡಗಿತು, ವ್ಯಾಯಾಮ ಮಾಡಿಸಲು ಬರುತ್ತಿದ್ದವರು ಒಳ್ಳೆಯ ಲಕ್ಷಣ ಎಂದರು. ಪ್ರತಿ ಸಲವೂ ಕೋಳಿ ಕೂಗುತ್ತಿತ್ತು. ಅವಳು ಉಸಿರು ಬಿಟ್ಟು ನನ್ನತ್ತ ನೋಡುತ್ತಿದ್ದಳು, ತಂಗಿಯನ್ನು ನಾನೇ ಹೊರಗೆ ನಿಲ್ಲಿಸಿದ್ದೇನೆ ಎಂಬಂತೆ. ನಾಲ್ಕು ನೂರು ಮನೆಗಳ ದೀಪ ಆರಿದರೂ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಒಂದು ದಿನ ತಡೆಯದೆ, ಮೂರನೆಯ ಸಾಲನ್ನು ನನಗೇ ಹೇಳಿಬಿಡು ಆಯಿ, ಹೇಗೆ ಬರುತ್ತದೋ ಹಾಗೆ, ಎಂದು ಬೇಡಿಕೊಂಡೆ. ಅವಳು ತಲೆ ಅಲ್ಲಾಡಿಸಿದಳು. ನಾಗು ಹೇಳದೆ ತಾನು ಹೇಳುವಂತಿಲ್ಲ.

ದೀಪಾವಳಿಗೆ ಮೊದಲೇ ಆಯಿ ಹೋದಳು.

ಆ್ಯಪಿನಲ್ಲಿ ಕ್ರಾಸ್‌ಫೇಡನ್ನು ನಾನು ಮತ್ತೆ ಐದಕ್ಕೆ ತಂದು ಇಟ್ಟಿದ್ದೇನೆ. ರಜೆಯ ದಿನ ಮೂರು ಗಂಟೆಗೆ ಈಗಲೂ ಹಾಕುತ್ತೇನೆ. ಹೆಂಡತಿ ಮುಂಬಾಗಿಲ ಚಿಲಕ ತೆಗೆದಿಡುತ್ತಾಳೆ. ಚಿಕ್ಕಿಯ ದನಿ ಇನ್ನೊಮ್ಮೆ ಬರಲಿ ಎಂದು ಕಾಯುತ್ತೇನೋ, ಬಾರದಿರಲಿ ಎಂದೋ, ನನಗೇ ತಿಳಿಯದು. ಹಟ್ಟಿಕೇರಿಯಲ್ಲೂ ಅಂಕೋಲೆಯಲ್ಲೂ ಗೊತ್ತಿದ್ದ ಮುದುಕಿಯರನ್ನೆಲ್ಲ ಕೇಳಿ ಆಯಿತು. ಅದು ಅವರ ತವರಿನ ಹಾಡು, ಅವರಿಬ್ಬರಿಗೇ ಬರುತ್ತಿತ್ತು ಎನ್ನುತ್ತಾರೆ. ಚಿಕ್ಕಿ ಮತ್ತೆ ಬಂದು ಬಾಗಿಲ ತೆರೆಯೇ ಎಂದು ಎಳೆದರೆ, ಎತ್ತಿಕೊಳ್ಳಲು ನನಗೆ ಮೂರನೆಯ ಸಾಲು ಗೊತ್ತಿಲ್ಲ.