ಮಗ್ಗದ ಕೋಣೆಯಲ್ಲಿ ಕೂತ ಮೇಡಂ

ಮೇಡಂ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಯಾವುದೋ ಗುಡ್ಡದಲ್ಲಿ ಕಲ್ಲು ಒಡೆಯುವಾಗ ಸುತ್ತಿಗೆ ಜಾರಿದ ಗುರುತು. ಚಳ್ಳಕೆರೆಯ ಕಾಲೇಜಿನಲ್ಲಿ ಅವರು ನಮಗೆ ಭೂವಿಜ್ಞಾನ ಕಲಿಸಿದವರು. ಹೊಸ ಕಲ್ಲು ಸಿಕ್ಕರೆ ಮೊದಲು ಮೂಸುತ್ತಿದ್ದರು, ಆಮೇಲೆ ನಾಲಗೆಯ ತುದಿಗೆ ತಾಗಿಸುತ್ತಿದ್ದರು. "ಕಲ್ಲು ಸುಮ್ನೆ ಕೂತೈತೆ ಅನ್ಕೋಬೇಡ್ರಿ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಓದು ಮುಗಿಸಿದ ಮೇಲೆ ನಾನು ಮನೆ ಕಟ್ಟಿಸಿ ಮಾರುವ ಕಸುಬಿಗೆ ಇಳಿದೆ. ಮೊದಲು ಚಳ್ಳಕೆರೆಯಲ್ಲೇ ನೆಲಮಾಳಿಗೆಯಿರುವ ಕೆಲವು ಮನೆ ಕಟ್ಟಿಸಿ ಮಾರಿದೆ. ಆಮೇಲೆ ಮೊಳಕಾಲ್ಮೂರಿನ ಹೊರಗೆ ಬಂಡೆಯ ಇಳಿಜಾರಿನಲ್ಲಿ ನೇಕಾರರಿಗೆಂದೇ ಒಂದು ಸಾಲು ಮನೆ ಕಟ್ಟಿಸಿದೆ. ರೇಷ್ಮೆ ಎಳೆ ಒಣಗಿ ತುಂಡಾಗಬಾರದೆಂದು ಪ್ರತಿ ಮನೆಯಲ್ಲೂ ಬಂಡೆ ಕೊರೆದು ನೆಲದೊಳಗೆ ತಣ್ಣನೆಯ ಮಗ್ಗದ ಕೋಣೆ ಮಾಡಿಸಿದ್ದೆ. ಮೊದಲನೇ ಮನೆಗೆ ಒಬ್ಬ ನೇಕಾರಗಿತ್ತಿ ಆಗಲೇ ಬಂದು ಮಗ್ಗ ಹೂಡಿದ್ದಳು. ಹೆಮ್ಮೆಯಿಂದ ಮೇಡಂ ಅವರನ್ನು ಕರೆದೊಯ್ದು ತೋರಿಸಿದೆ. ಅವರಿಗೆ ಆಗ ನಿವೃತ್ತಿಯಾಗಿತ್ತು. ಗೋಡೆ, ಬಣ್ಣ ಯಾವುದನ್ನೂ ನೋಡದೆ ನೆಲದ ಬಿರುಕಿನ ಮೇಲೆ ಅಂಗೈ ಇಟ್ಟು ಕೂತರು.

"ಇಲ್ಲಿನ ಗಾಳಿ ಹೊರಗೆ ಎಲ್ಲಿಂದ ಹೋಗ್ತೈತೆ?"

"ತಂಪಿರ್ಲಿ ಅಂತ ಕಿಟಕಿ ಬಿಡ್ಸಿಲ್ಲ ಮೇಡಂ."

ಗ್ರಾನೈಟಿನೊಳಗೆ ಕಣದಷ್ಟು ಯುರೇನಿಯಂ ಇರುತ್ತದೆ, ಅದರಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ ಎಂದು ಅವರು ತರಗತಿಯಲ್ಲಿ ಹೇಳಿದ್ದು ನನಗೆ ಮರೆತೇ ಹೋಗಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಲ್ಲಾದರೆ ಚದುರಿ ಹೋಗುತ್ತದೆ; ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ತರಬಹುದು. ಮೇಡಂ ಅಳೆಯುವ ಪುಟ್ಟ ಡಬ್ಬಿಗಳನ್ನು ತರಿಸಿ ಕೋಣೆಗಳಲ್ಲಿ ತೂಗುಹಾಕಿದರು. ಕೆಲವು ತಿಂಗಳ ನಂತರ ವರದಿ ನನ್ನ ಕೈಗೆ ಬಂತು. ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಒಂದು ತಿಂಗಳು ಅದನ್ನು ನನ್ನಲ್ಲೇ ಇಟ್ಟುಕೊಂಡು, ಮೇಡಂ ಕೇಳಿದಾಗ ತೋರಿಸಿದೆ.

"ಮಿಕ್ಕ ಮನೆ ಮಾರಿ ಹೋಗೋವರೆಗೂ ಸುಮ್ನಿರಿ ಮೇಡಂ. ಇದನ್ನ ಮನೆ ಕಾಗದಪತ್ರದಾಗೆ ಯಾರೂ ಕೇಳಲ್ಲ."

ಅವರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬಂದು, ನೇಕಾರಗಿತ್ತಿಯ ಪಕ್ಕ ಚಾಪೆ ಹಾಸಿಕೊಂಡು ಸಂಜೆಯವರೆಗೆ ಕೂತರು. ಅದರ ಮರುದಿನವೂ ಬಂದರು. ನನಗೆ ಸೈಟಿನಲ್ಲಿ ನಿಲ್ಲಲಾಗಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಮೂರನೇ ದಿನ ಇಳಿದು ಹೋದೆ.

"ಮೇಲೆ ಬನ್ನಿ ಮೇಡಂ, ಇಲ್ಲಿ ಕೂರಬೇಡ್ರಿ."

"ಯಾಕಪ್ಪ? ಏನಾಗೈತೆ ಇಲ್ಲಿ? ಈಯಮ್ಮಂಗೂ ಹೇಳು."

ಹೇಳಿದೆ. ನೇಕಾರಗಿತ್ತಿ ಲಾಳಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. "ಮೀಕು ಎಪ್ಪುಡು ತೆಲಿಸಿಂದಿ?" ಎಂದು ತೆಲುಗಿನಲ್ಲಿ ಕೇಳಿದಳು. ನಿಮಗೆ ಯಾವಾಗ ಗೊತ್ತಾಯಿತು ಎಂದು.

"ಒಂದು ತಿಂಗಳಾತು."

ಅವಳು ಮಗ್ಗದ ಪಕ್ಕದ ಜೋಲಿಯಿಂದ ನಿದ್ದೆ ಮಾಡುತ್ತಿದ್ದ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ನೆಲದ ಬಿರುಕುಗಳನ್ನೆಲ್ಲ ಮುಚ್ಚಿಸಿದೆ. ಗಚ್ಚಿನ ನೆಲದ ಕೆಳಗಿನಿಂದ ಸೂರಿನ ಮೇಲಕ್ಕೆ ಕೊಳವೆ ಎಳೆದು ಫ್ಯಾನು ಕೂರಿಸಿದೆ, ಗಾಳಿಕಿಂಡಿ ತೆಗೆಸಿದೆ. ಮತ್ತೆ ಅಳೆದಾಗ ಅನಿಲ ಇಳಿದಿತ್ತು. ನೇಕಾರಗಿತ್ತಿ ಅದೇ ಕೋಣೆಗೆ ಮರಳಿದಳು, ಕೂಸನ್ನು ಮಾತ್ರ ಮೇಲೆಯೇ ಮಲಗಿಸಿದಳು. ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಟ್ಟಾಗ ಮೇಡಂ ಕೇಳಿದರು: "ಚಳ್ಳಕೆರೆಯಾಗೆ ಮೊದ್ಲು ಕಟ್ಟಿದ ನೆಲಮಾಳಿಗೆ ಮನೆಗಳು?"

"ಅವು ಮಾರಿ ಎಷ್ಟೋ ವರ್ಷ ಆಗೈತೆ."

"ಮನೆ ಮಾರಿದೀಯ. ಉಸಿರಾಡೋರು ಅಲ್ಲೇ ಅದಾರೆ."

ಕಳೆದ ವರ್ಷ, ನಾಲ್ಕು ದಿನದ ಜ್ವರದಲ್ಲಿ ಮೇಡಂ ತೀರಿಕೊಂಡರು. ಅವರ ಕಾರ್ಯ ಮುಗಿದ ವಾರವೇ ನಾನು ಆ ಹಳೆಯ ಮನೆಗಳ ಬಾಗಿಲು ಬಡಿಯಲು ಶುರುಮಾಡಿದೆ. ಒಬ್ಬರು ಟೀ ಕೊಟ್ಟು ಕೇಳಿಸಿಕೊಂಡರು, ಇನ್ನೊಬ್ಬರು ಅಂಗಳದಿಂದಲೇ ಅಟ್ಟಿದರು. ಬಹುತೇಕ ಮನೆಗಳಲ್ಲಿ ಅಳೆದದ್ದಾಯಿತು. ನೆಲಮಾಳಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಟೈಲರಿಂಗ್ ನಡೆಸಿದ ಒಂದು ಕುಟುಂಬ ಮಾತ್ರ ಊರು ಬಿಟ್ಟಿದೆ. ರಾಂಪುರದ ಕಡೆ ಹೋದರೆಂದು ಒಬ್ಬರು ಹೇಳುತ್ತಾರೆ, ಬಳ್ಳಾರಿಗೆಂದು ಮತ್ತೊಬ್ಬರು. ರಾಂಪುರದಲ್ಲಿ ಎರಡು ಸಲ ವಿಚಾರಿಸಿ ಬಂದಿದ್ದೇನೆ. ನಾಳೆ ಬಳ್ಳಾರಿಗೆ ಹೋಗುತ್ತಿದ್ದೇನೆ.